ಕ್ರೆಯಾನನಿಗೆ ಇಷ್ಟು ಬೇಗ ಶಿಕ್ಷೆ ಬೇಡ

ಮಾನ್ಯರೇ,

‘ಗ್ರೀಕ್ ರುದ್ರನಾಟಕಗಳಲ್ಲಿ ರಾಜಸತ್ತೆ’ ಎಂಬ ನಿಮ್ಮ ಲೇಖನ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಭಾಷೆಯಲ್ಲಿ ಕಸುವಿದೆ, ತೀರ್ಪು ಕೊಡುವ ಅವಸರ ಅದಕ್ಕಿಂತ ಹೆಚ್ಚಾಗಿದೆ.

ಸೊಫೋಕ್ಲಿಸ್‌ನ ‘ಅಂತಿಗೊನೆ’ ನಾಟಕದಲ್ಲಿ ಥೀಬ್ಸ್ ನಗರದ ರಾಜನಾದ ಕ್ರೆಯಾನನನ್ನು ಮೊದಲ ಪುಟದಲ್ಲೇ ‘ಕ್ರೂರಿ, ಸರ್ವಾಧಿಕಾರಿ’ ಎಂದು ಮುಗಿಸಿಬಿಟ್ಟಿದ್ದೀರಿ. ಆಮೇಲೆ ನಾಟಕಕ್ಕೆ ಉಳಿದ ಕೆಲಸವೇನು? ಅವನು ಪಟ್ಟಕ್ಕೆ ಬಂದ ಹೊತ್ತನ್ನು ನೋಡಿ. ಪಟ್ಟಕ್ಕಾಗಿ ಕಾದಾಡಿದ ಅವನ ಸೋದರಳಿಯಂದಿರಿಬ್ಬರು ಒಬ್ಬರನ್ನೊಬ್ಬರು ಕೊಂದಿದ್ದಾರೆ; ಅವರಲ್ಲೊಬ್ಬ ನಗರದ ಮೇಲೆ ದಂಡೆತ್ತಿ ಬಂದವನು. ಥೀಬ್ಸ್ ಮುತ್ತಿಗೆಯಿಂದ ಆಗಷ್ಟೇ ಪಾರಾಗಿದೆ. ನೆಂಟರಿಗಿಂತ ನಗರ ದೊಡ್ಡದು ಎಂಬ ಅವನ ಮಾತಿಗೆ ಅಥೆನ್ಸಿನ ಪ್ರೇಕ್ಷಕರು ತಲೆದೂಗಿರಲೂ ಸಾಕು. ದ್ರೋಹಿಗಳನ್ನು ತಮ್ಮ ನೆಲದಲ್ಲಿ ಹೂಳಲು ಅವರ ಕಾನೂನೂ ಬಿಡುತ್ತಿರಲಿಲ್ಲ. ಕ್ರೆಯಾನ್ ಅಲ್ಲಿಗೆ ನಿಲ್ಲದೆ ದಂಡೆತ್ತಿ ಬಂದವನ ಹೆಣವನ್ನು ನಾಯಿ, ಹದ್ದುಗಳ ಪಾಲು ಮಾಡುತ್ತಾನೆ; ಆಜ್ಞೆ ಮೀರಿ ಅದಕ್ಕೆ ಮಣ್ಣು ಹಾಕಿದ, ಸತ್ತವನ ತಂಗಿ ಅಂತಿಗೊನೆಗೆ ಸಾವಿನ ಶಿಕ್ಷೆ ವಿಧಿಸುತ್ತಾನೆ.

ಅವನ ಅಧಿಕಾರದ ಬಣ್ಣ ಬಯಲಾಗುವುದು ಅವಳನ್ನು ಮದುವೆಯಾಗಬೇಕಿದ್ದ ಮಗ ಹೇಮನ್ ಎದುರಿಗೆ ನಿಂತಾಗ. ಈ ದೃಶ್ಯಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು! ಹೇಮನ್ ವಿನಯದಿಂದಲೇ ಶುರುಮಾಡುತ್ತಾನೆ. ಊರು ಕತ್ತಲಲ್ಲಿ ಪಿಸುಗುಡುವುದನ್ನು ಅಪ್ಪನಿಗೆ ಮುಟ್ಟಿಸುತ್ತಾನೆ. ಆಮೇಲೆ ಸಾಲಿಗೆ ಸಾಲು ಜಟಾಪಟಿ. ನಗರ ಆಳುವವನದಲ್ಲವೇ ಎಂದು ಅಪ್ಪ ಕೇಳಿದರೆ, ಜನರಿಲ್ಲದ ನಾಡನ್ನು ನೀನೊಬ್ಬನೇ ಸೊಗಸಾಗಿ ಆಳಬಹುದು ಎಂದು ಮಗ ಚುಚ್ಚುತ್ತಾನೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

‘ಗ್ರೀಕರು ರಾಜರನ್ನು ದೇವರೆಂದು ನಂಬಿದ್ದರು’ ಎಂಬ ವಾಕ್ಯವನ್ನು ಹೊಡೆದುಹಾಕಿ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸನ್ನು ಆಳುವ ರಾಜನೇ ಇರಲಿಲ್ಲ. ಅಧಿಕಾರಿಗಳು ಅವಧಿ ಮುಗಿದ ಮೇಲೆ ಜನರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಕ್ರಿ.ಪೂ. 472ರಲ್ಲಿ ಆಡಿದ ಎಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕದಲ್ಲಿ, ಸೋತರೂ ತನ್ನ ಮಗ ನಗರಕ್ಕೆ ಲೆಕ್ಕ ಕೊಡಬೇಕಾಗಿಲ್ಲ ಎನ್ನುತ್ತಾಳೆ ರಾಜಮಾತೆ. ಆ ಮಾತು ಅಂಥ ಪ್ರೇಕ್ಷಕರ ಕಿವಿಗೆ ಹೇಗೆ ಬಿದ್ದಿರಬಹುದು, ಯೋಚಿಸಿ. ಅದೇ ಎಸ್ಕಿಲಸ್‌ನ ಇನ್ನೊಬ್ಬ ರಾಜ, ಆರ್ಗೋಸ್‌ನ ಪೆಲಾಸ್ಗಸ್, ಮೊರೆಬಂದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡಲು ಪ್ರಜೆಗಳನ್ನು ಕೇಳಬೇಕು ಎನ್ನುತ್ತಾನೆ. ಜನ ಕೈ ಎತ್ತಿ ಒಪ್ಪುತ್ತಾರೆ. ಎಲ್ಲ ರಾಜರನ್ನೂ ನೀವು ಒಂದೇ ಗೋಣಿಗೆ ತುಂಬಿದ್ದೀರಿ.

ಈಡಿಪಸ್, ಅಗಮೆಮ್ನಾನ್ ಕುರಿತ ಪುಟಗಳು ಕಥಾಸಾರ ಮಾತ್ರ, ತೆಗೆಯಿರಿ. ‘ಅಂತಿಗೊನೆ’ಯನ್ನು ಮತ್ತೊಮ್ಮೆ ಓದಿ. ಕುರುಡ ಕಾಲಜ್ಞಾನಿ ಟೈರೀಸಿಯಸ್‌ನ ಎಚ್ಚರಿಕೆಗೆ ಬೆದರಿದ ಕ್ರೆಯಾನನಿಗೆ ಮೇಳದ ಹಿರಿಯರು ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣ ಹೂಳು ಎನ್ನುತ್ತಾರೆ. ಅವನು ಹೆಣ ಹೂಳಿಸಿಯೇ ಅವಳನ್ನು ಮುಚ್ಚಿಟ್ಟ ಗುಹೆಯ ಕಡೆ ಹೊರಡುತ್ತಾನೆ. ಏಕೆ? ತಿದ್ದಿದ ಪ್ರತಿಯಲ್ಲಿ ಇದಕ್ಕೆ ನಿಮ್ಮ ಉತ್ತರ ಇರಲಿ.

ಸಂಪಾದಕ