ಬಂಜೀ ರೋಪ್ ಬೈಯುವ ಮೊದಲು ಟಾರ್ಪಾಲಿನ ಮೇಲಿರುವ ನೀರು ನೋಡಿ

ಮೃಗಶಿರ ಮಳೆ ಹಿಡಿದ ವಾರದಿಂದ ನನಗೆ ಬರುವ ಪ್ರಶ್ನೆಗಳು ವರ್ಷ ವರ್ಷವೂ ಅವೇ. ಬಂಜೀ ರೋಪ್, ಅಂದ್ರೆ ತುದಿಗೆ ಕೊಕ್ಕೆ ಇರುವ ಹಿಗ್ಗುವ ರಬ್ಬರ್ ಹಗ್ಗ, ಸಡಿಲವಾಯ್ತು, ಕೊಕ್ಕೆ ನೆಟ್ಟಗಾಯ್ತು, ಟಾರ್ಪಾಲು ಹಾರಿ ಪಕ್ಕದವರ ತೋಟಕ್ಕೆ ಬಿತ್ತು. ಸಾಗರದಲ್ಲಿ ಜೀಪಿನ ಹುಡ್ಡು, ಪಿಕಪ್‌ನ ಟಾರ್ಪಾಲು, ದೋಣಿಯ ಕವರು ಹೊಲಿಯುತ್ತಾ ನನಗೆ 24 ವರ್ಷ ಆಯ್ತು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಈ ಸಲ ಎಲ್ಲರಿಗೂ ಒಟ್ಟಿಗೆ ಬರೆದುಬಿಡುತ್ತೇನೆ. ಟಾರ್ಪಾಲು ಅಂದ್ರೆ ಏನು, ಐಲೆಟ್ ಅಂದ್ರೆ ಏನು ಅಂತ ವಿವರಿಸುವುದಿಲ್ಲ. ಮಲೆನಾಡಿನಲ್ಲಿದ್ದು ಅದು ಗೊತ್ತಿಲ್ಲ ಅಂದ್ರೆ ನಾನು ನಂಬುವುದೂ ಇಲ್ಲ.

ಪ್ರಶ್ನೆ: ಶರಾವತಿ ಹಿನ್ನೀರಿನ ದಡದಲ್ಲಿ ನಮ್ಮ ಹೋಮ್‌ಸ್ಟೇ ಇದೆ. 14 ಅಡಿ ಉದ್ದ, 5 ಅಡಿ ಅಗಲದ ಫೈಬರ್ ದೋಣಿ. ಮಳೆಗಾಲದಲ್ಲಿ ದಡಕ್ಕೆ ಎಳೆದು, ಟಾರ್ಪಾಲು ಹೊದಿಸಿ, ಸುತ್ತ ಎಂಟು ಬಂಜೀ ರೋಪ್ ಹಾಕುತ್ತೇನೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಎಲ್ಲವೂ ಜೋತು ಬಿದ್ದಿರುತ್ತವೆ. ಹೋದ ವರ್ಷ 8 ಮಿ.ಮೀ. ದಪ್ಪದ್ದು ತಂದಿದ್ದೆ. ಈ ಸಲ 12 ಮಿ.ಮೀ. ತರಲಾ? (ತುಮರಿ ಕಡೆಯ ಓದುಗರು)

ಬೇಡ. 12 ತಂದರೆ ರೋಪು ಉಳಿಯುತ್ತದೆ, ಟಾರ್ಪಾಲಿನ ಅಂಚಿನ ತೂತಿಗೆ ಕೂರಿಸಿದ ಐಲೆಟ್ ಬಳೆ ಕಿತ್ತುಕೊಂಡು ಬರುತ್ತದೆ. ದುಡ್ಡು ಮಾತ್ರ ಜಾಸ್ತಿ ಹೋಗುತ್ತದೆ.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿತ್ತು ಅಂದ್ರೆ 1 ಲೀಟರ್ ನೀರು. ನಿಮ್ಮ ದೋಣಿಯ ಬಾಯಿ ಸುಮಾರು ಆರೂವರೆ ಚದರ ಮೀಟರ್. ನಮ್ಮ ಕಡೆ ಜುಲೈನಲ್ಲಿ ಒಂದು ದಿನಕ್ಕೆ 100 ಮಿ.ಮೀ. ಮಳೆ ಬಂದರೆ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಹಾಗೆ ಬಂದ ದಿನ ನಿಮ್ಮ ಟಾರ್ಪಾಲಿನ ಮೇಲೆ 650 ಲೀಟರ್ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಭಾಗ ಹರಿದು ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 160 ಕೆ.ಜಿ., ಅಂದ್ರೆ ಮೂರು ಸಿಮೆಂಟ್ ಚೀಲಕ್ಕಿಂತ ಜಾಸ್ತಿ ಭಾರ. ಅದನ್ನು ನೀವು ಎಂಟು ರಬ್ಬರಿಗೆ ನೇತು ಹಾಕಿದ್ದೀರಿ, ಆಮೇಲೆ ರಬ್ಬರು ಸರಿ ಇಲ್ಲ ಅನ್ನುತ್ತೀರಿ.

ರಬ್ಬರಿನ ಗುಣವೇ ಬಗ್ಗುವುದು. ಸ್ವಲ್ಪ ನೀರು ನಿಂತರೆ ಅದು ಸ್ವಲ್ಪ ಬಿಡುತ್ತದೆ, ಬಿಟ್ಟಿದ್ದಕ್ಕೆ ಗುಂಡಿ ಆಳವಾಗುತ್ತದೆ, ಆಳವಾದ ಗುಂಡಿಯಲ್ಲಿ ಇನ್ನಷ್ಟು ನೀರು. ಬೆಳಿಗ್ಗೆ ಎದ್ದು ನೋಡಿದರೆ ದೋಣಿಯೊಳಗೆ ಇನ್ನೊಂದು ಕೆರೆ. ಬಂಜೀ ರೋಪ್ ಇರುವುದು ಭಾರ ಹೊರುವುದಕ್ಕಲ್ಲ. ಗಾಳಿ ಬೀಸಿದಾಗ ಬಟ್ಟೆ ಪಟಪಟ ಹೊಡೆದುಕೊಳ್ಳದ ಹಾಗೆ ಸಡಿಲವನ್ನು ಎಳೆದು ಹಿಡಿಯುವುದು, ಅಷ್ಟೇ ಅದರ ಕೆಲಸ. ಭಾರ ಹೊರುವುದಕ್ಕೆ ಬೆಲ್ಟು ಇದೆ, ಹಗ್ಗ ಇದೆ. ನೀರು ನಿಲ್ಲದಂತೆ ನೋಡುವುದಕ್ಕೆ ಮಾಡಿನ ಇಳಿಜಾರು ಇದೆ. ಮನೆಗೆ ಹೆಂಚು ಹಾಕುವಾಗ ಇಳಿಜಾರು ಕೊಡುವವರು ದೋಣಿಗೆ ಯಾಕೆ ಕೊಡುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ರಬ್ಬರಿನ ಒಳಗಿನ ವಿಷಯ. ನಿಮ್ಮ ಹಳೇ ರೋಪ್ ಒಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಶ್ಯಾವಿಗೆಯಂಥ ಸಣ್ಣ ಸಣ್ಣ ರಬ್ಬರ್ ಎಳೆಗಳ ಕಟ್ಟು, ಅದರ ಮೇಲೆ ನೂಲಿನ ಹೆಣಿಗೆ. ಹೆಚ್ಚಿನ ರೋಪುಗಳಲ್ಲಿ ಆ ಎಳೆ ನೈಸರ್ಗಿಕ ರಬ್ಬರು, ನಮ್ಮ ಘಟ್ಟದ ತೋಟಗಳಲ್ಲೂ ಹಾಲು ಇಳಿಸುತ್ತಾರಲ್ಲ, ಅದೇ. ಹಿಗ್ಗುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಬಿಸಿಲಿಗೂ ಗಾಳಿಯಲ್ಲಿರುವ ಓಝೋನಿಗೂ ಅದು ಸಾಯುತ್ತದೆ, ಅದರಲ್ಲೂ ಎಳೆದು ಕಟ್ಟಿಟ್ಟಾಗ. ಓಝೋನ್ ಬಿರುಕು ಬೀಳುವುದೇ ಹಿಗ್ಗಿರುವ ರಬ್ಬರಿನಲ್ಲಿ, ಅದೂ ಎಳೆತಕ್ಕೆ ಅಡ್ಡವಾಗಿ. ಹಿಗ್ಗಿಸದೆ ಕತ್ತಲೆಯ ಡಬ್ಬಿಯಲ್ಲಿಟ್ಟ ರೋಪು ವರ್ಷಗಟ್ಟಲೆ ಬಾಳುತ್ತದೆ. ಅದೇ ರೋಪನ್ನು ನಾಲ್ಕು ತಿಂಗಳು ದುಪ್ಪಟ್ಟು ಎಳೆದು ದಡದಲ್ಲಿ ಬಿಟ್ಟರೆ ಮುಗಿಯಿತು. ತುಂಡಾಗದಿದ್ದರೂ ಬಹಳ ದಿನ ಎಳೆದಿಟ್ಟ ರಬ್ಬರು ಮೊದಲಿನ ಉದ್ದಕ್ಕೆ ವಾಪಸು ಬರುವುದಿಲ್ಲ.

ಮೋಸ ಇರುವುದು ಹೊರಗಿನ ಹೆಣಿಗೆಯಲ್ಲಿ. ಒಳಗಿನ ಎಳೆ ಅರ್ಧ ಹರಿದಿದ್ದರೂ ಹೊರಗೆ ಕೆಂಪು ಹಳದಿ ಬಣ್ಣ ಹೊಸದರ ಹಾಗೇ ಇರುತ್ತದೆ. ನಾನು ನೋಡುವುದು ಹೀಗೆ: ಬಿಚ್ಚಿ ಮೇಜಿನ ಮೇಲೆ ಇಟ್ಟು ಬೆರಳಲ್ಲಿ ಉದ್ದಕ್ಕೂ ಒತ್ತುತ್ತಾ ಹೋಗುತ್ತೇನೆ. ಒಂದು ಕಡೆ ಗಂಟು, ಇನ್ನೊಂದು ಕಡೆ ಟೊಳ್ಳು ಸಿಕ್ಕಿದರೆ, ಅಥವಾ ಹೆಣಿಗೆ ಹಳೇ ಕಾಲುಚೀಲದ ಹಾಗೆ ನೆರಿಗೆ ಬಿದ್ದಿದ್ದರೆ, ನೇರ ಕಸಕ್ಕೆ. "ಇನ್ನೊಂದು ಮಳೆಗಾಲ ಓಡಿಸಬಹುದೇನೋ" ಅಂತ ಕೇಳಬೇಡಿ. ಯಾಕೆ ಬೇಡ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಹಾಗಾದ್ರೆ ಏನು ಮಾಡಬೇಕು. ದೋಣಿಯನ್ನು ದಡಕ್ಕೆ ಎಳೆದ ಮೇಲೆ ಮುಂಭಾಗವನ್ನು ಒಂದು ಅಡಿ ಎತ್ತರಿಸಿ, ಹಿಂದಿನ ನೀರು ಬಿಡುವ ಬಿರಡೆ ತೆಗೆದಿಡಿ. ಕವರು ಕೈಕೊಟ್ಟರೂ ಒಳಗೆ ಬಿದ್ದ ನೀರು ತಾನಾಗಿ ಹೋಗಲಿ. ಆಮೇಲೆ ಟಾರ್ಪಾಲನ್ನು ಎತ್ತಿ ಹಿಡಿಯಲು ಮಧ್ಯದಲ್ಲಿ ಉದ್ದಕ್ಕೆ ಒಂದು ಏಣು. ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಸಾಕು, ಆದರೆ ಅದರ ಅಂಚು ಕತ್ತಿಯ ಹಾಗೆ ಇರುತ್ತದೆ, ಗೋಣಿ ಸುತ್ತದೆ ಟಾರ್ಪಾಲಿನ ಕೆಳಗೆ ಇಡಬೇಡಿ. ಅದಕ್ಕಿಂತ ಒಳ್ಳೆಯದು ಬಿದಿರಿನ ಸೀಳನ್ನೋ ಪಿವಿಸಿ ಪೈಪನ್ನೋ ಕಮಾನಿನ ಹಾಗೆ ಬಗ್ಗಿಸಿ ಮೂರು ಕಡೆ ನಿಲ್ಲಿಸಿ, ಅದರ ಮೇಲೆ ಏಣು ಕಟ್ಟುವುದು. ಎತ್ತಿನಗಾಡಿಯ ಕಮಾನು ನೋಡಿದ್ದೀರಲ್ಲ, ಹಾಗೆ. ಅಂಚಿಗಿಂತ ಏಣು ಎರಡು ಅಡಿಯಾದರೂ ಮೇಲಿರಲಿ. ಎರಡು ತುದಿ ಸ್ವಲ್ಪ ತೆರೆದಿರಲಿ, ಗಾಳಿ ಆಡದಿದ್ದರೆ ಪುಷ್ಯ ಮಳೆಯ ಹೊತ್ತಿಗೆ ಸೀಟಿನ ಮೇಲೆಲ್ಲ ಬೂಷ್ಟು.

ಕವರಿನ ಮೇಲಿಂದ ದೋಣಿಯ ತಳ ಸುತ್ತಿ ಬರುವ ಹಾಗೆ ಎರಡು ಬೆಲ್ಟು, ಹಿಗ್ಗದ ಜಾತಿಯದ್ದು. ಪಾಲಿಯೆಸ್ಟರ್ ಪಟ್ಟಿ ಕೇಳಿ ತನ್ನಿ. ನೈಲಾನ್ ಹಗ್ಗ ಗಟ್ಟಿ ನಿಜ, ಆದರೆ ಅದು ನೀರು ಕುಡಿದು ಹಿಗ್ಗುತ್ತದೆ. ಸಂಜೆ ವೀಣೆಯ ತಂತಿಯ ಹಾಗೆ ಬಿಗಿದದ್ದು ಬೆಳಿಗ್ಗೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತಾಡುತ್ತಿರುತ್ತದೆ.

ಬಂಜೀ ಬರುವುದು ಇದೆಲ್ಲ ಆದ ಮೇಲೆ. ಕೊಕ್ಕೆಯ ಎಂಟು ತುಂಡು ಬೇಡ. ಟಾರ್ಪಾಲಿನ ಅಂಚು ಮಡಚಿ ಹೊಲಿಸಿ, ಆ ಮಡಿಕೆಯೊಳಗೆ 6 ಮಿ.ಮೀ. ಎಲಾಸ್ಟಿಕ್ ಹಗ್ಗವನ್ನು ಸುತ್ತಲೂ ಒಂದೇ ಉದ್ದಕ್ಕೆ ಹಾಯಿಸಿ, ಪೈಜಾಮದ ಲಾಡಿಯ ಹಾಗೆ ಎಳೆದು ದೋಣಿಯ ಅಂಚಿನ ಕೆಳಗೆ ಕೂರಿಸಿ. ಎಳೆತ ಒಂದೇ ಕಡೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ಹೊಲಿಸುವುದು ಆಗಲ್ಲ ಅಂದ್ರೆ ಐಲೆಟ್‌ಗೆ ಮೊದಲು ಹಗ್ಗದ ಸಣ್ಣ ಕುಣಿಕೆ ಹಾಕಿ, ಕುಣಿಕೆಗೆ ಎಲಾಸ್ಟಿಕ್ ಕಟ್ಟಿ. ಕೊಕ್ಕೆಯನ್ನು ನೇರ ಐಲೆಟ್‌ಗೆ ಸಿಕ್ಕಿಸಿದರೆ ಅದು ಗಾಳಿಗೆ ಆಡಿ ಆಡಿ ಬಟ್ಟೆ ಸೀಳುತ್ತದೆ. ಕೊಕ್ಕೆಯ ತುದಿಯ ಪ್ಲಾಸ್ಟಿಕ್ ಟೋಪಿ ಉದುರಿದ ಮೇಲಂತೂ ಫೈಬರಿನ ಮೇಲೂ ಗೀರು. ಐಲೆಟ್ ಹಿತ್ತಾಳೆಯದ್ದೇ ಆಗಲಿ. ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೂ ತಿನ್ನುತ್ತದೆ.

ಎಷ್ಟು ಎಳೆಯಬೇಕು ಅನ್ನುವುದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಕಟ್ಟುವ ಎರಡು ಜಾಗದ ನಡುವೆ 60 ಸೆಂ.ಮೀ. ಇದ್ದರೆ, ಎಳೆಯದೆ ಇಟ್ಟಾಗ 45 ಸೆಂ.ಮೀ. ಇರುವ ತುಂಡು ಬೇಕು. ಮೂರಡಿ ಇದ್ದದ್ದು ನಾಲ್ಕಡಿಯಾಗುವಷ್ಟು ಎಳೆತ. ಅರ್ಧಕ್ಕಿಂತ ಜಾಸ್ತಿ ಹಿಗ್ಗಿಸಿದರೆ ಗಾಳಿಗೆ ಬಿಟ್ಟುಕೊಡಲು ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹೊರಗಿನ ಹೆಣಿಗೆ ತುದಿಗೆ ಮುಟ್ಟಿದ ಮೇಲೆ ಅದು ರಬ್ಬರೂ ಅಲ್ಲ, ಒಳ್ಳೆಯ ಹಗ್ಗವೂ ಅಲ್ಲ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರಿಗೆ ನಮ್ಮಪ್ಪನ ದಾರಿ ಇದೆ: ಹಳೇ ಟ್ಯೂಬು. ನಗಬೇಡಿ. ಗಾಳಿ ಸೋರದಿರಲಿ ಅಂತ ಟ್ಯೂಬನ್ನು ಹೆಚ್ಚಾಗಿ ಬ್ಯುಟೈಲ್ ರಬ್ಬರಿನಲ್ಲಿ ಮಾಡುತ್ತಾರೆ, ಅದು ಬಿಸಿಲಿಗೂ ಓಝೋನಿಗೂ ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಅಷ್ಟು ಹಿಗ್ಗುವುದಿಲ್ಲ, ನೋಡಲು ಚೆಂದವಿಲ್ಲ, ಆದರೆ ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಂದಿಂಚು ಅಗಲದ ಪಟ್ಟಿ ಮಾಡಿ. ಕತ್ತರಿಸುವಾಗ ಅಂಚಿನಲ್ಲಿ ಕಚ್ಚು ಬೀಳದಂತೆ ಒಂದೇ ಎಳೆತಕ್ಕೆ ಕತ್ತರಿ ಓಡಿಸಿ, ಹರಿಯಲು ಶುರುವಾಗುವುದೇ ಆ ಕಚ್ಚಿನಿಂದ. ಕೊಂಡೇ ತರುವವರು ಇಪಿಡಿಎಂ ರಬ್ಬರಿನ ಕಪ್ಪು ಪಟ್ಟಿ ಸಿಗುತ್ತದಾ ವಿಚಾರಿಸಿ. ಕಾರಿನ ಬಾಗಿಲ ಸುತ್ತಿನ ಬೀಡಿಂಗ್ ಅದೇ ರಬ್ಬರು, ಎಷ್ಟು ವರ್ಷ ಬಿಸಿಲು ತಿಂದು ಕೂತಿರುತ್ತದೆ ನೀವೇ ನೋಡಿದ್ದೀರಿ.

ಪ್ರಶ್ನೆ: ಕೊಕ್ಕೆಯ ಬಂಜೀ ಅಪಾಯ ಅಂತ ನೀವು ಪದೇ ಪದೇ ಹೆದರಿಸುತ್ತೀರಿ. ನಾವು ಹತ್ತು ವರ್ಷದಿಂದ ಬಳಸುತ್ತಿದ್ದೇವೆ, ಏನೂ ಆಗಿಲ್ಲ. (ತೀರ್ಥಹಳ್ಳಿ)

ನನಗೂ ಹದಿನಾರು ವರ್ಷ ಏನೂ ಆಗಿರಲಿಲ್ಲ. ಒಂದು ಸಂಜೆ ಪಿಕಪ್ ಒಂದರ ಟಾರ್ಪಾಲಿಗೆ ಕೊನೆಯ ಕೊಕ್ಕೆ ಸಿಕ್ಕಿಸುತ್ತಿದ್ದೆ. ರೋಪು ಹಳೆಯದು, ಗಿರಾಕಿಯದ್ದು, ಮಳೆ ಬರುತ್ತಿತ್ತು, ಅವಸರ. ಆಚೆ ಕಡೆಯ ಕೊಕ್ಕೆ ಬಿಟ್ಟುಕೊಂಡಿತು. ಸದ್ದು ಕೇಳಿದ್ದು ನೆನಪಿಲ್ಲ, ಬಿಸಿಬಿಸಿಯಾಗಿ ಏನೋ ಕೆನ್ನೆ ಮೇಲೆ ಇಳಿದದ್ದು ನೆನಪಿದೆ. ಹುಬ್ಬಿಗೆ ಐದು ಹೊಲಿಗೆ. ಒಂದು ಬೆರಳಗಲ ಕೆಳಗೆ ಬಿದ್ದಿದ್ದರೆ ಇವತ್ತು ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರು ಬೇಕಿತ್ತು. ಬಂಜೀ ಕೊಕ್ಕೆ ಹೊಡೆದು ಕಣ್ಣೊಳಗೆ ರಕ್ತ ತುಂಬಿದ, ಅಕ್ಷಿಪಟಲ ಕಿತ್ತುಬಂದ ಪ್ರಕರಣಗಳನ್ನು ಕಣ್ಣಿನ ಡಾಕ್ಟರುಗಳು ಎಷ್ಟೋ ಸಲ ಬರೆದಿದ್ದಾರೆ.

ಹಾಗಾಗಿ ನನ್ನ ಅಂಗಡಿಯಲ್ಲಿ ತೆರೆದ ಕೊಕ್ಕೆಯ ರೋಪು ಮಾರುವುದಿಲ್ಲ. ತುದಿಗೆ ಕುಣಿಕೆ, ಅದಕ್ಕೊಂದು ಪ್ಲಾಸ್ಟಿಕ್ ಗುಂಡು ಇರುವ ಜಾತಿಯದ್ದು ಸಿಗುತ್ತದೆ, ಅದನ್ನು ತನ್ನಿ. ಕೊಕ್ಕೆಯದ್ದೇ ಬೇಕು ಅಂದ್ರೆ ನಿಮ್ಮ ಕಡೆಗೆ ಎಳೆಯಬೇಡಿ, ಮುಖ ಪಕ್ಕಕ್ಕೆ ಇರಲಿ, ಕನ್ನಡಕ ಹಾಕಿ, ಮಕ್ಕಳನ್ನು ದೂರ ಕಳಿಸಿ. ಎರಡು ರೋಪಿನ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡುವವರಿದ್ದಾರಲ್ಲ, ಅವರಿಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಪ್ರಶ್ನೆ: ಪಿಕಪ್‌ನಲ್ಲಿ ಅಡಿಕೆ ಚೀಲ ತುಂಬಿ ಶಿವಮೊಗ್ಗಕ್ಕೆ ಹೋಗುವಾಗ ಟಾರ್ಪಾಲಿಗೆ ಬಂಜೀ ಸಾಕಾ? (ಹೊಸನಗರ)

ಸಾಲದು. ವೇಗ 40ರಿಂದ 80ಕ್ಕೆ ಹೋದರೆ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಗ್ಗ ಹಾಕಿ ಲಾರಿಯವರು ಹಾಕುವ ಗಂಟು ಕಲಿಯಿರಿ, ಇಲ್ಲವೇ ಹಿಡಿಕೆ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಹಾಕಿ. ಹಿಂದಿನ ಅಂಚು ಪಟಪಟ ಅನ್ನದಿರಲು ಬೇಕಾದ್ರೆ ಎರಡು ಎಲಾಸ್ಟಿಕ್ ಇರಲಿ.

ಪ್ರಶ್ನೆ: ರಬ್ಬರಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಮೆತ್ತಗಿರುತ್ತದಂತೆ, ಹೌದಾ?

ಮೆತ್ತಗೇನೋ ಆಗುತ್ತದೆ, ಉಬ್ಬಿ ಕೊಳೆತ ಹಾಗೆ. ಎಣ್ಣೆ, ಡೀಸೆಲ್, ಗ್ರೀಸು ಯಾವುದೂ ನೈಸರ್ಗಿಕ ರಬ್ಬರಿಗೆ ತಾಗಬಾರದು. ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ.

ಪ್ರಶ್ನೆ: ಸಡಿಲವಾದ ರೋಪನ್ನು ಕುದಿಯುವ ನೀರಲ್ಲಿ ಅದ್ದಿದರೆ ಮತ್ತೆ ಬಿಗಿಯಾಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ.

ಹರಿದ ಎಳೆ ಯಾವ ನೀರಲ್ಲಿ ಅದ್ದಿದರೂ ಕೂಡುವುದಿಲ್ಲ ಮಾರಾಯ್ರೇ. ವಿಡಿಯೋ ಮಾಡಿದವನಿಗೆ ಒಂದು ಮಳೆಗಾಲ ಆಗುಂಬೆಯಲ್ಲಿ ದೋಣಿ ಕಾಯಲು ಹೇಳಿ.

ಪ್ರಶ್ನೆ: "ಮಿಲಿಟರಿ ಗ್ರೇಡ್, ಲೈಫ್‌ಟೈಮ್ ಗ್ಯಾರಂಟಿ" ಅಂತ ಆನ್‌ಲೈನಿನಲ್ಲಿ ಸಿಗುವುದನ್ನು ತರಿಸಬಹುದಾ?

ಯಾರ ಲೈಫ್‌ಟೈಮ್ ಅಂತ ಮೊದಲು ಕೇಳಿ. ಒಳಗಿನ ರಬ್ಬರು ಯಾವುದು, ಎಷ್ಟು ಹಿಗ್ಗಿಸಬಹುದು ಅಂತ ಬರೆದಿಲ್ಲದಿದ್ದರೆ ಬೇಡ.

ಪ್ರಶ್ನೆ: ಕಾರಿನ ಕವರಿಗೆ ಅಂಚಿನಲ್ಲಿ ಎಲಾಸ್ಟಿಕ್ ಇದ್ದರೂ ಮಂಗ ಎಳೆದು ಹಾಕುತ್ತದೆ. ಏನು ಮಾಡಲಿ? (ಶೃಂಗೇರಿ)

ಗಾಳಿಗಾದರೆ ಕಾರಿನ ಹೊಟ್ಟೆ ಕೆಳಗಿಂದ ಒಂದು ಪಟ್ಟಿ ಬಕಲ್ ಹಾಕಿ ಕಟ್ಟಿ, ನಿಲ್ಲುತ್ತದೆ. ಮಂಗ ಬಕಲ್ ಬಿಚ್ಚುವುದನ್ನೂ ಕಲಿಯುತ್ತದೆ. ಶೆಡ್ ಕಟ್ಟಿಸಿ.

ಪ್ರಶ್ನೆ: ನಮ್ಮದು ಸಣ್ಣ ತೆಪ್ಪ. ಅದಕ್ಕೆ ಯಾವ ಕವರು, ಎಷ್ಟು ಬಂಜೀ ಬೇಕು?

ಮಗುಚಿ ಹಾಕಿ.