ನೆಟ್ ಜೀರೋ ಮನೆ ಅಂದ್ರೆ ಬಿಲ್ಲೂ ಜೀರೋನಾ?

ಪ್ರಶ್ನೆ: ನಮ್ಮ ಹಳೇ ಬಡಾವಣೆಯನ್ನು ಹೊಸದಾಗಿ ಕಟ್ಟುತ್ತಾರಂತೆ, ಎಲ್ಲವೂ ನೆಟ್ ಜೀರೋ ಮನೆಗಳಂತೆ. ಇನ್ಮೇಲೆ ಕರೆಂಟ್ ಬಿಲ್ ಬರಲ್ವಾ?

ಬರುತ್ತೆ. ನೆಟ್ ಜೀರೋ ಅನ್ನೋದು ವರ್ಷದ ಲೆಕ್ಕ. ವರ್ಷಕ್ಕೆ ಎಷ್ಟು ಬಳಸ್ತೀರೋ ಅಷ್ಟನ್ನು ಮನೆಯೇ ಹುಟ್ಟಿಸಿದರೆ ಲೆಕ್ಕ ಸೊನ್ನೆ. ಆದರೆ ಸೋಲಾರ್ ಪ್ಯಾನೆಲ್ ಕೊಡೋದು ಮಧ್ಯಾಹ್ನ, ನೀವು ದೀಪ ಹಾಕೋದು ರಾತ್ರಿ. ಹೊರಗೆ ಕಳಿಸಿದ ಯೂನಿಟ್ಟಿಗೂ ಕೊಂಡ ಯೂನಿಟ್ಟಿಗೂ ಒಂದೇ ದರ ಇರಬೇಕೆಂದಿಲ್ಲ, ಮೀಟರಿನ ನಿಗದಿತ ಶುಲ್ಕ ಬೇರೆ. ಎಂಟು ಮಹಡಿ ಕಟ್ಟಡವಾದರೆ ಇನ್ನೂ ಕಷ್ಟ: ಮನೆ ಹತ್ತಾರು, ತಾರಸಿ ಒಂದೇ. ಹಾಗಾಗಿ ಪ್ಯಾನೆಲ್ ಎಷ್ಟು ಹಾಕ್ತೀರಿ ಅಂತ ಕೇಳೋ ಮುಂಚೆ ಈ ಮನೆಗೆ ಬೇಕಾಗೋದೇ ಎಷ್ಟು ಅಂತ ಕೇಳಿ. ಗೋಡೆ ಕಿಟಕಿಯಿಂದ ಗಾಳಿ, ಶಾಖ ಸೋರುತ್ತಿದ್ದರೆ ಮೇಲೆ ಎಷ್ಟು ಪ್ಯಾನೆಲ್ ಇಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಪ್ರಶ್ನೆ: ಇದೆಲ್ಲ ದುಡ್ಡಿರೋರ ಶೋಕಿ ಅಲ್ವಾ? ಕಡಿಮೆ ಬಾಡಿಗೆಯ ಮನೆಗೆ ಹೊಂದುತ್ತಾ?

ಯಂತ್ರಗಳನ್ನು ತುಂಬಿದರೆ ಶೋಕಿಯೇ. ಇಂಗ್ಲೆಂಡಿನ ನಾರ್ವಿಚ್‌ನ ಗೋಲ್ಡ್‌ಸ್ಮಿತ್ ಸ್ಟ್ರೀಟ್ ನೋಡಿ. ನಗರಸಭೆಯೇ ಕಡಿಮೆ ಬಾಡಿಗೆಗೆ ಅಂತ ಕಟ್ಟಿಸಿದ್ದು, ನೂರರ ಆಸುಪಾಸು ಮನೆಗಳು, 2019ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿಯೂ ಬಂತು. ಅವು ನೆಟ್ ಜೀರೋ ಅಲ್ಲ, ಪ್ಯಾಸಿವ್‌ಹೌಸ್ ಅನ್ನೋ ಮಾನದಂಡದವು. ಚದರ ಮೀಟರಿಗೆ ವರ್ಷಕ್ಕೆ ಸುಮಾರು 15 ಯೂನಿಟ್ ಶಾಖ ಸಿಕ್ಕರೆ ಮನೆ ಬೆಚ್ಚಗಿರುತ್ತೆ. ಇಷ್ಟಾದ ಮೇಲೆ ಸೊನ್ನೆಗೆ ಉಳಿಯೋದು ಸ್ವಲ್ಪ ದೂರ.

ಮಾಡಿದ್ದೇನು? ಮನೆಗಳನ್ನು ಸಾಲಾಗಿ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದರು, ಹೊರಗೋಡೆ ಕಡಿಮೆಯಾಯಿತು. ಸಾಲುಗಳನ್ನು ದಕ್ಷಿಣಕ್ಕೆ ತಿರುಗಿಸಿದರು. ಸಾಲಿನಿಂದ ಸಾಲಿಗೆ 14 ಮೀಟರ್ ಅಷ್ಟೇ, ಆದರೂ ಹಿಂದಿನ ಮನೆಗೆ ಬಿಸಿಲು ತಪ್ಪದ ಹಾಗೆ ಚಾವಣಿಯ ಇಳಿಜಾರನ್ನು 15 ಡಿಗ್ರಿಗೆ ತಗ್ಗಿಸಿದರು. ನನಗೆ ಇಷ್ಟವಾದದ್ದು ಅಂಚೆ ಪೆಟ್ಟಿಗೆ. ಆ ದೇಶದಲ್ಲಿ ಸಾಮಾನ್ಯವಾಗಿ ಬಾಗಿಲಲ್ಲೇ ಕಾಗದ ಹಾಕೋ ಸೀಳು ಇರುತ್ತೆ, ಅದರಿಂದ ಗಾಳಿ ನುಗ್ಗುತ್ತೆ ಅಂತ ಪೆಟ್ಟಿಗೆಯನ್ನು ಬಾಗಿಲಾಚೆಯ ಮುಖಮಂಟಪಕ್ಕೆ ಸರಿಸಿಬಿಟ್ಟರು. ಇದಕ್ಕೆಲ್ಲ ಬೇಕಾಗಿದ್ದು ದುಡ್ಡಿಗಿಂತ ಜಾಸ್ತಿ ತಲೆ.

ಉಲ್ಟಾ ಉದಾಹರಣೆಯೂ ಇದೆ. ಲಂಡನ್ನಿನ ಬೆಡ್‌ಝೆಡ್, 2002ರಲ್ಲಿ ಮುಗಿದ 100 ಮನೆಗಳ ಬಡಾವಣೆ. ಮರದ ಚೂರು ಉರಿಸಿ ಎಲ್ಲರಿಗೂ ವಿದ್ಯುತ್ತು, ಬಿಸಿನೀರು ಕೊಡೋ ಘಟಕವೊಂದಿತ್ತು. ಅದು ಸರಿಯಾಗಿ ಓಡದೆ ಕೊನೆಗೆ ಕೈಬಿಡಬೇಕಾಯಿತು. ಗೋಡೆಯೊಳಗಿನ ದಪ್ಪ ಇನ್ಸುಲೇಷನ್‌ಗೆ (ಶಾಖ ದಾಟದ ಹಾಗೆ ತಡೆಯೋ ಪದರ) ಆ ಗೋಳಿಲ್ಲ, ಅದಕ್ಕೆ ಆಪರೇಟರ್ ಬೇಡ.

ಪ್ರಶ್ನೆ: ನಮ್ಮದು ಸೆಖೆ ಊರು. ಬೆಚ್ಚಗಿಡೋ ಮನೆ ಕಟ್ಟಿ ನಾವೇನು ಮಾಡೋಣ?

ಇನ್ಸುಲೇಷನ್ ಎರಡೂ ಕಡೆ ಕೆಲಸ ಮಾಡುತ್ತೆ, ಹೊರಗಿನ ಬಿಸಿಯನ್ನೂ ತಡೆಯುತ್ತೆ. ಆದರೆ ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಒಳಗೆ ಪರದೆ ಎಳೆದರೆ ತಡವಾಯಿತು, ಬಿಸಿ ಆಗಲೇ ಒಳಗೆ ಬಂದಿರುತ್ತೆ. ಪಶ್ಚಿಮದ ಕಿಟಕಿ ಚಿಕ್ಕದಿರಲಿ, ತಾರಸಿಗೆ ಬಿಳಿ ಬಣ್ಣ ಇರಲಿ.

ಪ್ರಶ್ನೆ: ಹಳೇ ಕಟ್ಟಡ ರಿಪೇರಿ ಮಾಡೋದಕ್ಕಿಂತ ಕೆಡವಿ ಕಟ್ಟೋದೇ ವಾಸಿ ಅಂತಾರಲ್ಲ?

ಅನ್ನೋರು ಸಾಮಾನ್ಯವಾಗಿ ಕಟ್ಟೋರೇ. ಸಿಮೆಂಟು, ಕಬ್ಬಿಣ ತಯಾರಿಸುವಾಗಲೇ ಬೇಕಾದಷ್ಟು ಕಾರ್ಬನ್ (ಭೂಮಿಯ ಬಿಸಿ ಏರಿಸೋ ಅನಿಲ) ಗಾಳಿಗೆ ಸೇರಿರುತ್ತೆ. ಕೆಡವಿದರೆ ಅದೆಲ್ಲ ದಂಡ, ಹೊಸದಕ್ಕೆ ಮತ್ತೆ ಅಷ್ಟು. ಫ್ರಾನ್ಸಿನ ಬೋರ್ಡೋದಲ್ಲಿ 1960ರ ದಶಕದ ಮೂರು ಕಟ್ಟಡಗಳ 530 ಫ್ಲ್ಯಾಟುಗಳನ್ನು ಕೆಡವಲಿಲ್ಲ. ಹೊರಗಿನಿಂದ 3.8 ಮೀಟರ್ ಆಳದ ಗಾಜಿನ ಜಗಲಿ ಜೋಡಿಸಿದರು. ಅದು ಚಳಿಯನ್ನೂ ತಡೆಯುತ್ತೆ, ಮನೆಗೆ ಜಾಗವೂ ಆಯಿತು. ಕೆಲಸ ನಡೆಯುವಾಗ ಜನ ಅಲ್ಲೇ ಇದ್ದರು, ಇದು ಸಣ್ಣ ಮಾತಲ್ಲ. ಕೆಡವೋದಾದರೆ ಅಲ್ಲಿದ್ದವರಿಗೇ, ಅವರ ಕೈಗೆಟಕೋ ಬಾಡಿಗೆಗೆ ಮನೆ ವಾಪಸ್ ಕೊಡ್ತೀವಿ ಅಂತ ಬರವಣಿಗೆಯಲ್ಲಿ ಕೇಳಿ. ಪಾಯ, ಪಿಲ್ಲರ್ ಶಿಥಿಲವಾಗಿದ್ದರೆ ಮಾತ್ರ ಕೆಡವದೆ ಗತಿಯಿಲ್ಲ.

ಪ್ರಶ್ನೆ: ಬಾಡಿಗೆಯವರು ನಾವು, ಈಗಲೇ ಮಾಡೋಕೆ ಏನಾದರೂ ಇದೆಯಾ?

ಗಾಳಿ ಬೀಸೋ ದಿನ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಆಡಿಸಿ (ಪರದೆ ಹುಷಾರು). ಹೊಗೆ ಅಡ್ಡಡ್ಡ ಓಡಿದ ಕಡೆ ಪೆನ್ಸಿಲ್ ಗುರುತು ಹಾಕಿ, ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ. ಗ್ಯಾಸ್ ಒಲೆ ಇರೋ ಅಡುಗೆಮನೆಯ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.