ಬೆಲ್ಟಿನ ಮೇಲೆ ಸಾಣೆ ಹಿಡಿದ ಉಳಿ ಏಕೆ ಕಚ್ಚುವುದಿಲ್ಲ?

ಪ್ರಶ್ನೆ: ಚನ್ನಪಟ್ಟಣದ ಸಮೀಪ ಸಣ್ಣ ಲೇತ್ ಇಟ್ಟುಕೊಂಡು ಆಲೆ ಮರದಲ್ಲಿ ಕುಂಕುಮದ ಭರಣಿ, ಬುಗುರಿ, ಗಿಲಕಿಗಳನ್ನು ಕಡೆದು ಅರಗು ಹಚ್ಚುವ ಕೆಲಸ ಮಾಡುತ್ತಿದ್ದೇನೆ. ಇದುವರೆಗೆ ಆರು ಇಂಚಿನ ಎಮರಿ ಕಲ್ಲಿನಲ್ಲೇ ಉಳಿಗಳಿಗೆ ಸಾಣೆ ಹಿಡಿಯುತ್ತಿದ್ದೆ. ಈಚೆಗೆ ಎರಡು ಇಂಚು ಅಗಲ, ಎಪ್ಪತ್ತೆರಡು ಇಂಚು ಉದ್ದದ ಬೆಲ್ಟ್ ಓಡುವ ಗ್ರೈಂಡರ್ ಒಂದನ್ನು ಮಾಡಿಸಿಕೊಂಡೆ. ಮೋಟಾರು 2850 ಸುತ್ತಿನದು, ಅದರ ಮೇಲಿನ ಗಾಲಿ ಐದು ಇಂಚಿನದು. ಬೆಲ್ಟಿನಿಂದ ಉಳಿಯ ಮುಖ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಓರೆ ಬಾಯಿಯ ಉಳಿ ಮೊದಲಿನಂತೆ ಮರವನ್ನು ಕಚ್ಚುವುದಿಲ್ಲ. ಮರದ ಮೈ ತರಿತರಿಯಾಗಿ, ಅರಗಿನ ಬಣ್ಣ ಮಂಕಾಗುತ್ತಿದೆ. ಇನ್ನೂ ನುಣುಪಾದ ಬೆಲ್ಟ್ ತರಬೇಕೇ ಅಥವಾ ಹಳೆಯ ಕಲ್ಲಿಗೇ ಮರಳಬೇಕೇ?

ಉತ್ತರ: ಎರಡೂ ಬೇಡ. ನಿಮ್ಮ ತೊಂದರೆ ಬೆಲ್ಟಿನ ನುಣುಪಿಗೆ ಸಂಬಂಧಿಸಿದ್ದಲ್ಲ, ಉಳಿಯ ಇಳಿಜಾರು ಮುಖದ ಆಕಾರಕ್ಕೆ ಸಂಬಂಧಿಸಿದ್ದು ಎಂಬುದು ನಿಮ್ಮ ವಿವರಣೆಯಿಂದಲೇ ಹೆಚ್ಚುಕಡಿಮೆ ಸ್ಪಷ್ಟವಾಗುತ್ತದೆ. ಈ ಮುಖವನ್ನು ಕಸುಬಿನವರು ಬೆವೆಲ್ ಎನ್ನುತ್ತಾರೆ, ಇಲ್ಲಿಯೂ ಅದೇ ಪದವನ್ನು ಬಳಸುತ್ತೇನೆ.

ಖಚಿತಪಡಿಸಿಕೊಳ್ಳಲು ಎರಡು ನಿಮಿಷದ ಪರೀಕ್ಷೆಯೊಂದಿದೆ. ಬೆವೆಲ್ಲಿನ ಪೂರ್ತಿ ಮುಖಕ್ಕೆ ಕಪ್ಪು ಮಾರ್ಕರ್ ಪೆನ್ನಿನಿಂದ ಮಸಿ ಬಳಿಯಿರಿ. ಒಂದು ಚಪ್ಪಟೆಯಾದ ಎಣ್ಣೆಕಲ್ಲಿನ ಮೇಲೆ ಬೆವೆಲ್ಲನ್ನು ಅಲುಗಾಡದಂತೆ ಕೂರಿಸಿ, ಒಮ್ಮೆ ಮಾತ್ರ ಹಗುರವಾಗಿ ಎಳೆದು, ಬೆಳಕಿಗೆ ಹಿಡಿದು ನೋಡಿ. ಮಸಿ ಉಳಿಯ ಬಾಯಂಚಿನಲ್ಲಿಯೂ ಹಿಂಬದಿಯ ಹಿಮ್ಮಡಿಯಲ್ಲಿಯೂ ಅಳಿಸಿ ನಡುವೆ ಉಳಿದಿದ್ದರೆ ಬೆವೆಲ್ ಒಳಕ್ಕೆ ತಗ್ಗಾಗಿದೆ ಎಂದರ್ಥ; ಅದು ಕಲ್ಲಿನ ಗುರುತು. ನಡುವೆ ಮಾತ್ರ ಅಳಿಸಿ ಬಾಯಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿದ್ದರೆ ಬೆವೆಲ್ ಹೊಟ್ಟೆ ಬಂದಂತೆ ಉಬ್ಬಿದೆ. ನಿಮ್ಮ ಉಳಿಯಲ್ಲಿ ಆ ಕಪ್ಪು ಗೆರೆ ಕಾಣುತ್ತದೆ ಎಂಬುದು ನನ್ನ ಎಣಿಕೆ.

ಓರೆ ಉಳಿ ಮರವನ್ನು ಕೆರೆಯುವುದಿಲ್ಲ, ಸೀಳಿ ತೆಗೆಯುತ್ತದೆ. ಹಾಗೆ ಸೀಳಬೇಕಾದರೆ ಬೆವೆಲ್ ತಿರುಗುವ ಮರದ ಮೇಲೆ ಒರಗಿ ಕುಳಿತಿರಬೇಕು ಮತ್ತು ಆ ಒರಗಿದ ಜಾಗಕ್ಕೆ ಅಲಗು ಆದಷ್ಟು ಹತ್ತಿರವಿರಬೇಕು. ಬೆವೆಲ್ ಉಬ್ಬಿದ್ದರೆ ಮರಕ್ಕೆ ತಾಗುವುದು ಹೊಟ್ಟೆಯೇ ಹೊರತು ಅಲಗಲ್ಲ. ಆಗ ನೀವು ಅರಿವಿಲ್ಲದೆಯೇ ಹಿಡಿಯನ್ನು ಇನ್ನಷ್ಟು ಮೇಲೆತ್ತಿ ಅಲಗನ್ನು ಮರಕ್ಕೆ ತಾಗಿಸುತ್ತೀರಿ, 30 ಡಿಗ್ರಿಯ ಉಳಿ 40 ಡಿಗ್ರಿಯ ಉಳಿಯಂತೆ ವರ್ತಿಸತೊಡಗುತ್ತದೆ ಮತ್ತು ನಾರು ಕತ್ತರಿಸುವ ಬದಲು ಕಿತ್ತು ಬರುತ್ತದೆ. ಆಲೆ ಮರ ಮೃದು, ಅದರ ಎಳೆ ಬಲು ಒತ್ತು. ಹರಿತವಾದ ಉಳಿಗೆ ಅದು ಕೊಡುವ ಮೈ ಎಷ್ಟು ನುಣುಪೋ, ಮೊಂಡು ಉಳಿಗೆ ಕೊಡುವ ಮೈ ಅಷ್ಟೇ ತರಿ. ಅರಗು ತೆಳುವಾದ ಪೊರೆಯಾಗಿ ಕೂರುವುದರಿಂದ ತಾಳೆಗರಿಯಿಂದ ಎಷ್ಟು ತಿಕ್ಕಿದರೂ ಕೆಳಗಿನ ತರಿ ಮುಚ್ಚುವುದಿಲ್ಲ.

ಈಗ ಉಬ್ಬು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಬೆಲ್ಟಿನ ಹಿಂದೆ ಒತ್ತುಗೊಡುವ ಚಪ್ಪಟೆ ಉಕ್ಕಿನ ಹಲಗೆ ಇರುತ್ತದಲ್ಲ, ಅದನ್ನು ಪ್ಲಾಟನ್ ಎನ್ನುತ್ತಾರೆ. ಬೆಲ್ಟ್ ಅದಕ್ಕೆ ಅಂಟಿಕೊಂಡೇ ಓಡುವಂತೆ ಕಂಡರೂ ನಡುವೆ ತುಸು ಸಡಿಲವಿರುತ್ತದೆ. ಉಳಿಯನ್ನು ಒತ್ತಿದ ಕೂಡಲೇ, ಓಡಿ ಬರುತ್ತಿರುವ ಬೆಲ್ಟ್ ಉಳಿಯ ಮುಂದೆ ಸಣ್ಣ ಅಲೆಯಂತೆ ಏಳುತ್ತದೆ. ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ ಬೆಲ್ಟ್ ಮೇಲಿನಿಂದ ಕೆಳಕ್ಕೆ, ಎಂದರೆ ಮೇಲ್ಮುಖವಾಗಿ ಹಿಡಿದ ಅಲಗಿಗೆ ಎದುರಾಗಿ ಓಡುತ್ತದೆ. ಹಾಗಾಗಿ ಆ ಅಲೆ ಮೊದಲು ಬಡಿಯುವುದೇ ಅಲಗಿಗೆ, ಅಲಗು ದುಂಡಗಾಗುತ್ತದೆ. ನೀವು ಎಷ್ಟು ಹೆಚ್ಚು ಒತ್ತುತ್ತೀರೋ ಅಲೆ ಅಷ್ಟು ದೊಡ್ಡದಾಗುತ್ತದೆ. ಪ್ಲಾಟನ್ ಬಿಟ್ಟು ಎರಡು ಗಾಲಿಗಳ ನಡುವಿನ ಸಡಿಲ ಬೆಲ್ಟಿನ ಮೇಲೆ ಸಾಣೆ ಹಿಡಿದರಂತೂ ಉಬ್ಬು ಖಚಿತ. ಕೊಡಲಿಗೂ ಕತ್ತಿಗೂ ಆ ಉಬ್ಬು ಬೇಕು, ಲೇತಿನ ಉಳಿಗೆ ಬೇಡ.

ಆದ್ದರಿಂದ ಮೊದಲು ವೇಗವನ್ನು ತಗ್ಗಿಸಿ. ಐದು ಇಂಚಿನ ಗಾಲಿ ನಿಮಿಷಕ್ಕೆ 2850 ಸುತ್ತು ತಿರುಗಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ಕತ್ತಿ ಮಾಡುವವರು ಉಕ್ಕನ್ನು ಬೇಗ ಕಳೆಯಲು ಈ ವೇಗವನ್ನು ಬಯಸುತ್ತಾರೆ. ನಿಮಗೆ ಕಳೆಯಬೇಕಾದ ಉಕ್ಕು ಕಾಗದದ ದಪ್ಪಕ್ಕಿಂತ ಕಡಿಮೆ. 1440 ಸುತ್ತಿನ ಮೋಟಾರು ಹಾಕಿದರೆ ಅದೇ ಗಾಲಿಯಲ್ಲಿ ವೇಗ ಸೆಕೆಂಡಿಗೆ ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ, ಅಷ್ಟು ಸಾಕು.

ಎರಡನೆಯದು ದಿಕ್ಕು. ಸಾಧ್ಯವಿದ್ದರೆ ಬೆಲ್ಟ್ ಅಲಗಿನಿಂದ ದೂರಕ್ಕೆ, ಎಂದರೆ ಕೆಳಗಿನಿಂದ ಮೇಲಕ್ಕೆ ಓಡುವಂತೆ ಮಾಡಿಕೊಳ್ಳಿ. ಮೂರು ಫೇಸಿನ ಮೋಟಾರಾದರೆ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಒಂದೇ ಫೇಸಿನದಾದರೆ ವೈಂಡಿಂಗ್ ಬಲ್ಲವರ ಕೈಯಲ್ಲಿ ಮಾಡಿಸಿ. ಇದರಿಂದ ಅಲೆ ಅಲಗಿನ ಬದಲು ಹಿಮ್ಮಡಿಯ ಕಡೆ ಏಳುತ್ತದೆ, ಉಳಿಯ ಚೂಪು ಮೂಲೆ ಬೆಲ್ಟಿಗೆ ಸಿಕ್ಕಿ ಅದನ್ನು ಹರಿಯುವ ಅಪಾಯವೂ ತಪ್ಪುತ್ತದೆ. ಆದರೆ ಈ ದಿಕ್ಕಿಗೆ ತನ್ನದೇ ತೊಡಕುಗಳಿವೆ. ಬೆಲ್ಟ್ ಉಳಿಯನ್ನು ಕೈಯಿಂದ ಮೇಲಕ್ಕೆ ಸೆಳೆಯುತ್ತದೆ, ಆದ್ದರಿಂದ ಹಿಡಿತ ಸಡಿಲವಾಗಬಾರದು. ಜೊತೆಗೆ ಪ್ಲಾಟನ್ ಇರುವ ಬದಿ ಈಗ ಎಳೆಯುವ ಬದಿಯಾಗಿರದೆ ಸಡಿಲ ಬದಿಯಾಗುವುದರಿಂದ ಬೆಲ್ಟನ್ನು ಎಳೆದು ಹಿಡಿಯುವ ಸ್ಪ್ರಿಂಗಿನ ಬಿಗಿಯನ್ನು ಹೆಚ್ಚಿಸಿ, ಬೆಲ್ಟ್ ಗಾಲಿಯ ಮಧ್ಯದಲ್ಲೇ ಓಡುವಂತೆ ಮತ್ತೆ ಹೊಂದಿಸಬೇಕಾಗುತ್ತದೆ. ಬೆಲ್ಟಿನ ಬೆನ್ನ ಮೇಲೆ ಬಾಣದ ಗುರುತಿದ್ದರೆ, ಬಾಣ ಹೊಸ ದಿಕ್ಕಿಗೆ ಬರುವಂತೆ ಬೆಲ್ಟಿನ ಎಡಬಲ ಅಂಚುಗಳನ್ನು ಅದಲುಬದಲು ಮಾಡಿ ಹಾಕಿ. ಎರಡು ತುದಿಗಳನ್ನು ಒಂದರ ಮೇಲೊಂದು ಅಂಟಿಸಿದ ಜೋಡಣೆಯ ಬೆಲ್ಟುಗಳು ಹಿಮ್ಮುಖವಾಗಿ ಓಡಿದರೆ ಬಿಟ್ಟುಕೊಳ್ಳುತ್ತವೆ. ಇನ್ನೊಂದು ಮಾತು: ಆ ಬಗೆಯ ಜೋಡಣೆಯ ಉಬ್ಬು ನಿಮ್ಮ ಬೆಲ್ಟಿನಲ್ಲಿ, ತಗ್ಗಿಸಿದ ವೇಗದಲ್ಲಿಯೂ, ಸೆಕೆಂಡಿಗೆ ಐದು ಬಾರಿ ಅಲಗಿಗೆ ಟಕ್ಕೆಂದು ಬಡಿಯುತ್ತದೆ. ಅಂಚಿಗೆ ಅಂಚು ಕೂಡಿಸಿ ಹಿಂದಿನಿಂದ ಟೇಪು ಹಾಕಿದ ಬೆಲ್ಟ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಉಳಿಯನ್ನು ಆನಿಸುವ ರೆಸ್ಟ್. ಬೆಲ್ಟಿನಲ್ಲಿ ಕೈ ಅಂದಾಜಿನಿಂದ ಸಾಣೆ ಹಿಡಿಯಬೇಡಿ. ಎಮರಿ ಕಲ್ಲಿನಲ್ಲಿ ಅಂದಾಜು ನಡೆಯುತ್ತಿತ್ತು, ಏಕೆಂದರೆ ಕಲ್ಲಿನ ದುಂಡು ಬೆವೆಲ್ಲನ್ನು ಒಳಕ್ಕೆ ತೋಡುತ್ತಿತ್ತು. ಹತ್ತು ಮಿಲಿಮೀಟರ್ ದಪ್ಪದ ಉಳಿಗೆ ಎರಡೂ ಮುಖ ಸೇರಿ 30 ಡಿಗ್ರಿ ಕೋನ ಕೊಟ್ಟರೆ ಬೆವೆಲ್ಲಿನ ಉದ್ದ ಸುಮಾರು 19 ಮಿಲಿಮೀಟರ್ ಆಗುತ್ತದೆ. ಆರು ಇಂಚಿನ ಕಲ್ಲು ಅದರ ನಡುವೆ 0.6 ಮಿಲಿಮೀಟರಿನಷ್ಟು ತಗ್ಗು ಮಾಡುತ್ತದೆ. ಕೈ ತುಸು ಅಲುಗಿದರೂ ಆ ತಗ್ಗು ತಪ್ಪನ್ನು ನುಂಗಿಕೊಳ್ಳುತ್ತಿತ್ತು. ಬೆಲ್ಟ್ ಚಪ್ಪಟೆ ಮುಖ ಕೊಡುತ್ತದೆ, ಅಲ್ಲಿ ಕೈ ಅಲುಗಿದಷ್ಟೂ ಉಬ್ಬು. ಅದಕ್ಕೆ ಪ್ರತಿಯಾಗಿ ಬೆಲ್ಟಿಗೊಂದು ದೊಡ್ಡ ಗುಣವಿದೆ: ಕಲ್ಲು ಸವೆದು ಚಿಕ್ಕದಾದಂತೆ ಕೋನ ಬದಲಾಗುತ್ತದೆ, ಬೆಲ್ಟ್ ಎಷ್ಟು ಹಳೆಯದಾದರೂ ಪ್ಲಾಟನ್ ಇದ್ದಲ್ಲೇ ಇರುತ್ತದೆ. ಒಮ್ಮೆ ಹೊಂದಿಸಿದ ಕೋನ ವರ್ಷವಾದರೂ ಅದೇ.

ಹೊಂದಿಸಲು ದುಬಾರಿ ಸಾಧನ ಬೇಕಿಲ್ಲ. ಎರಡೂ ಮುಖ ಸೇರಿ 30 ಡಿಗ್ರಿ ಬೇಕಾದರೆ ರೆಸ್ಟಿಗೂ ಬೆಲ್ಟಿಗೂ ನಡುವೆ 15 ಡಿಗ್ರಿ ಇರಬೇಕು. ಒಂದು ಮರದ ತುಂಡನ್ನು ಬೆಣೆಯಾಕಾರದಲ್ಲಿ, 100 ಮಿಲಿಮೀಟರ್ ಉದ್ದಕ್ಕೆ 27 ಮಿಲಿಮೀಟರ್ ಎತ್ತರ ಬರುವಂತೆ ಕೊಯ್ದುಕೊಳ್ಳಿ, ಅದೇ 15 ಡಿಗ್ರಿಯ ಅಳತೆ. ಮೋಟಾರು ನಿಂತಿರುವಾಗ ಬೆಣೆಯನ್ನು ಬೆಲ್ಟಿಗೂ ರೆಸ್ಟಿಗೂ ನಡುವೆ ಕೂರಿಸಿ ರೆಸ್ಟಿನ ಬೋಲ್ಟ್ ಬಿಗಿ ಮಾಡಿ. ದೋಣಿಯಂತೆ ತೋಡಿರುವ ಗೌಜ್ ಉಳಿಗೆ ಬೇರೊಂದು ಬೆಣೆ ಮಾಡಿಟ್ಟುಕೊಳ್ಳಿ. ಕಂಬ ಕಡೆಯುವ ಗೌಜಿಗೆ 35 ಡಿಗ್ರಿ, ಬಟ್ಟಲು ತೋಡುವುದಕ್ಕೆ 45ರಿಂದ 60 ಡಿಗ್ರಿ ರೂಢಿಯಲ್ಲಿದೆ. ಕೆರೆಯುವ ಸ್ಕ್ರೇಪರಿಗೆ 70ರಿಂದ 80.

ಬೆಲ್ಟಿನ ನಂಬರಿನ ವಿಷಯವನ್ನು ಕೊನೆಗಿಟ್ಟದ್ದು ಬೇಕೆಂದೇ. ಆಕಾರ ತಿದ್ದಲು ಪಿ80, ದಿನನಿತ್ಯದ ಸಾಣೆಗೆ ಪಿ240, ಇಷ್ಟಿದ್ದರೆ ಅಂಗಡಿ ನಡೆಯುತ್ತದೆ. ಪಿ80ರ ಹರಳು ಸುಮಾರು 200 ಮೈಕ್ರಾನ್, ಪಿ240ರದು 58. ಅರಗಿನ ಕೆಲಸದ ಓರೆ ಉಳಿಗೆ ಬೇಕಿದ್ದರೆ ಪಿ400ರಲ್ಲಿ ಒಮ್ಮೆ ಸವರಿ, ಅಂಚಿನಲ್ಲಿ ಎದ್ದ ತೆಳು ಪೊರೆಯನ್ನು ತೊಗಲಿನ ಪಟ್ಟಿಯ ಮೇಲೆ ಎರಡು ಸಲ ಎಳೆದು ತೆಗೆಯಿರಿ. ಅದಕ್ಕಿಂತ ನುಣುಪಾದ ಬೆಲ್ಟುಗಳು ಉಳಿಯ ಮುಖಕ್ಕೆ ಹೊಳಪು ಕೊಡುತ್ತವೆ. ನಿಮ್ಮದು ಈಗಾಗಲೇ ಹೊಳೆಯುತ್ತಿದೆ, ಅದರಿಂದ ಏನೂ ಆಗಲಿಲ್ಲವಲ್ಲ. ಕಲ್ಲಿನಿಂದ ಬಂದ ಹಳೆಯ ಉಳಿಗಳ ತಗ್ಗನ್ನು ಒಂದೇ ದಿನದಲ್ಲಿ ಚಪ್ಪಟೆ ಮಾಡಲು ಹೋಗಿ ಉಕ್ಕನ್ನು ವ್ಯರ್ಥ ಮಾಡಬೇಡಿ, ಅಲಗಿನ ಬಳಿ ಬೆಲ್ಟ್ ತಾಗುತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಕರಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಹವ್ಯಾಸಕ್ಕಾಗಿ ಮರ ಕಡೆಯುತ್ತೇನೆ. ನನ್ನ ಬಳಿ ಕಮ್ಮಾರರು ಹಳೆಯ ಅರದಿಂದ ಬಡಿದು ಮಾಡಿಕೊಟ್ಟ ಎರಡು ಉಳಿಗಳೂ ಹೊಸದಾಗಿ ಕೊಂಡ ಹೈಸ್ಪೀಡ್ ಸ್ಟೀಲಿನ ಮೂರು ಉಳಿಗಳೂ ಇವೆ. ಬೆಲ್ಟಿನಲ್ಲಿ ಸಾಣೆ ಹಿಡಿಯುವಾಗ ಎರಡೂ ಬಗೆಯವುಗಳ ಅಂಚು ನೀಲಿಯಾಯಿತು. ಉಕ್ಕು ಕೆಟ್ಟಿತೇ? ನೀರಿನಲ್ಲಿ ಅದ್ದುತ್ತಿರಬೇಕೇ?

ಉತ್ತರ: ಅರದ ಉಕ್ಕು ಕೆಟ್ಟಿದೆ, ಹೈಸ್ಪೀಡ್ ಸ್ಟೀಲ್ ಕೆಟ್ಟಿಲ್ಲ. ಅರವನ್ನು ಮಾಡುವುದು ಇಂಗಾಲ ಹೆಚ್ಚಿರುವ ಉಕ್ಕಿನಿಂದ. ಅದಕ್ಕೆ ಪಾನ ಕೊಟ್ಟ ಮೇಲೆ, ಎಂದರೆ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿ ಗಡಸು ಮಾಡಿದ ಮೇಲೆ, ಹದ ಇಳಿಸುವುದು, ಎಂದರೆ ಮತ್ತೆ ತುಸು ಕಾಯಿಸಿ ಪೆಡಸು ಕಳೆಯುವುದು, 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಬಿಸಿಯಾದ ಉಕ್ಕಿನ ಮೇಲೆ 220 ಡಿಗ್ರಿಯ ಹೊತ್ತಿಗೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಸುಮಾರಿಗೆ ನೀಲಿ ಕಾಣಿಸಿಕೊಳ್ಳುತ್ತದೆ. ನೀಲಿ ಕಂಡಿತೆಂದರೆ ಅಷ್ಟು ಭಾಗ ಸ್ಪ್ರಿಂಗಿನಂತೆ ಮೆತ್ತಗಾಗಿ, ಅಲಗು ನಿಲ್ಲುವುದಿಲ್ಲ. ನೀಲಿ ಇರುವಷ್ಟನ್ನು ತಣ್ಣಗೆ, ತಾಳ್ಮೆಯಿಂದ ಸವೆಸಿ ತೆಗೆಯುವುದೊಂದೇ ದಾರಿ. ಹೈಸ್ಪೀಡ್ ಸ್ಟೀಲಿನ ಹದ ಇಳಿಸುವುದೇ 550 ಡಿಗ್ರಿಯ ಸುಮಾರಿನಲ್ಲಾದ್ದರಿಂದ ನೀಲಿ ಬಣ್ಣ ಅದಕ್ಕೆ ಬರಿಯ ಮೈಬಣ್ಣ.

ನೀರಿನ ವಿಷಯದಲ್ಲಿ ಇವೆರಡರ ಪಥ್ಯ ತಿರುವುಮುರುವು. ಅರದ ಉಳಿಯನ್ನು ಬಣ್ಣ ಬರುವ ಮುಂಚೆಯೇ, ಎರಡು ಸೆಕೆಂಡು ಸಾಣೆ ಹಿಡಿದ ಮೇಲೊಮ್ಮೆ ನೀರಿಗೆ ಅದ್ದಬೇಕು. ಅಲಗಿನ ಹಿಂದೆ ಬೆರಳಿಟ್ಟುಕೊಂಡೇ ಕೆಲಸ ಮಾಡಿದರೆ ಬೆರಳೇ ಎಚ್ಚರಿಸುತ್ತದೆ. ಬಿಸಿಯಾದ ಹೈಸ್ಪೀಡ್ ಸ್ಟೀಲನ್ನು ಮಾತ್ರ ನೀರಿಗೆ ಅದ್ದಬಾರದು. ಥಟ್ಟನೆ ತಣಿದಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮುಂದೆ ಗಂಟಿರುವ ಮರಕ್ಕೆ ಒಡ್ಡಿದಾಗ ಅಲಗು ಚೂರುಚೂರಾಗಿ ಉದುರುತ್ತದೆ. ಅದನ್ನು ಗಾಳಿಯಲ್ಲೇ ತಣಿಯಲು ಬಿಡಿ. ಯಾವ ಉಳಿ ಯಾವುದು ಎಂಬ ಅನುಮಾನ ಬಂದರೆ ಕಿಡಿಯನ್ನು ನೋಡಿ: ಅರದ ಉಕ್ಕಿನ ಕಿಡಿ ಸುರುಸುರುಬತ್ತಿಯಂತೆ ಬೆಳ್ಳಗೆ ಚಿಮ್ಮಿ ಕವಲೊಡೆಯುತ್ತದೆ, ಹೈಸ್ಪೀಡ್ ಸ್ಟೀಲಿನದು ಮಂಕು ಕೆಂಪು, ಕವಲು ಕಡಿಮೆ.

ಆದರೆ ಹೈಸ್ಪೀಡ್ ಸ್ಟೀಲ್ ಕೂಡ ನೀಲಿಯಾಗುವಷ್ಟು ಬಿಸಿಯಾಗುತ್ತಿದೆ ಎಂದರೆ ನಿಮ್ಮ ಬೆಲ್ಟ್ ಸವೆದಿದೆ ಅಥವಾ ನೀವು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತಿದ್ದೀರಿ. ಹೊಸ ಹರಳು ಉಕ್ಕನ್ನು ಕತ್ತರಿಸುತ್ತದೆ, ಸವೆದ ಹರಳು ಬರಿದೇ ಉಜ್ಜಿ ಬಿಸಿ ಮಾಡುತ್ತದೆ. ಅಂಗಡಿಯವರು ಸೆರಾಮಿಕ್ ಬೆಲ್ಟ್ ಹೆಚ್ಚು ದಿನ ಬಾಳುತ್ತದೆ ಎಂದು ಒತ್ತಾಯಿಸಬಹುದು. ಅದರ ಹರಳು ಜೋರಾಗಿ ಒತ್ತಿದಾಗ ಮಾತ್ರ ಒಡೆದು ಹೊಸ ಚೂಪು ತೋರುವಂಥದು, ಉಳಿಯ ಹಗುರ ಸಾಣೆಗೆ ಅದು ಬೇಗನೆ ಮಿರುಗಿ ಮೊಂಡಾಗುತ್ತದೆ. ಸಾಧಾರಣ ಅಲ್ಯೂಮಿನಿಯಂ ಆಕ್ಸೈಡಿನ ಬೆಲ್ಟೇ ನಿಮಗೆ ಲೇಸು.

ಪ್ರಶ್ನೆ: ಶಿರಸಿಯಲ್ಲಿರುವ ನಮ್ಮ ಕಾರ್ಯಾಗಾರದಲ್ಲಿ ಮಳೆಗಾಲ ಬಂತೆಂದರೆ ಹೊಸ ಬೆಲ್ಟುಗಳು ಓಡಿಸಿದ ಕೂಡಲೇ ಜೋಡಣೆಯಲ್ಲಿ ಕಿತ್ತುಹೋಗುತ್ತವೆ. ಅಲ್ಲದೆ ಲೇತಿನ ಮರದ ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರಿನ ಪೈಪನ್ನೇ ಗ್ರೈಂಡರಿಗೂ ಜೋಡಿಸಬಹುದೇ?

ಉತ್ತರ: ಜೋಡಣೆಯ ಅಂಟಿಗೆ ತೇವ ಆಗಿಬರುವುದಿಲ್ಲ. ಬೆಲ್ಟುಗಳನ್ನು ಮಡಚಿ ಗೋಡೆಗೆ ಒರಗಿಸಿಡದೆ, ದಪ್ಪನೆಯ ಪೈಪಿನ ತುಂಡಿನ ಮೇಲೆ ತೂಗುಹಾಕಿ, ಮುಚ್ಚಿದ ಕಪಾಟಿನಲ್ಲಿ ಇಡಿ. ಮಲೆನಾಡಿನ ಮಳೆಗೆ ಆ ಕಪಾಟಿನೊಳಗೆ ಸಣ್ಣ ಬಲ್ಬೊಂದು ಉರಿಯುತ್ತಿದ್ದರೆ ಒಳ್ಳೆಯದು, ಬೆಲ್ಟುಗಳಿಂದ ಅದು ದೂರವಿರಲಿ. ಒಮ್ಮೆಗೇ ಎರಡು ಡಜನ್ ಕೊಂಡು ಪೇರಿಸಿಡುವ ಅಭ್ಯಾಸವನ್ನೂ ಬಿಡಿ. ಕೆಲಸ ಮುಗಿದ ಮೇಲೆ ಯಂತ್ರದ ಸ್ಪ್ರಿಂಗನ್ನು ಸಡಿಲಿಸಿ.

ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತ ಬೇಡ. ಗ್ರೈಂಡರಿನ ಕಿಡಿ ಪೈಪಿನೊಳಗೆ ಸಾಗಿ ಹೊಟ್ಟಿನ ಚೀಲದಲ್ಲಿ ಕುಳಿತುಕೊಳ್ಳುತ್ತದೆ. ಅದು ಕೂಡಲೇ ಹತ್ತಿಕೊಳ್ಳದೆ, ಒಳಗೊಳಗೇ ಕನಲಿ, ನೀವು ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ನನ್ನ ಕಾರ್ಯಾಗಾರದಲ್ಲಿ ಪೈಪನ್ನು ಜೋಡಿಸದೆಯೇ, ಗ್ರೈಂಡರಿನ ಕೆಳಗೆ ಗುಡಿಸದೆ ಬಿಟ್ಟಿದ್ದ ಒಂದು ಹಿಡಿ ಹೊಟ್ಟು ರಾತ್ರಿಯಿಡೀ ಕನಲಿ, ಬೆಳಿಗ್ಗೆ ಬಾಗಿಲು ತೆಗೆದಾಗ ಬೆಂಚಿನ ಕಾಲು ಅರ್ಧ ಕರಕಲಾಗಿತ್ತು. ಗ್ರೈಂಡರನ್ನು ಲೇತಿನಿಂದ ದೂರವಿಟ್ಟು, ಕಿಡಿ ಬೀಳುವ ಕಡೆ ಎರಡು ಇಂಚು ನೀರಿರುವ ತಗಡಿನ ಡಬ್ಬ ಇಡಿ. ಉಣ್ಣೆಯ ಶಾಲು, ಸಡಿಲ ಲುಂಗಿ, ಕೈಗವಸುಗಳನ್ನು ತೊಟ್ಟು ಓಡುವ ಬೆಲ್ಟಿನ ಬಳಿ ನಿಲ್ಲಬೇಡಿ, ಕಣ್ಣಿಗೆ ಕನ್ನಡಕ ಮರೆಯಬೇಡಿ. ಡಬ್ಬದ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ತಳದಲ್ಲಿ ಕೂತ ಉಕ್ಕಿನ ಕೆಸರನ್ನು ಮರದ ಹೊಟ್ಟಿನ ಗುಡ್ಡೆಗೆ ಸುರಿಯದೆ ಬೇರೆ ಕಡೆ ಹಾಕಿ.